ಪ್ರಶ್ನೆ ಹದಿನೇಳು

ಮರಗೆಣಸನ್ನು ಎಷ್ಟು ದಿನ ಒಣಗಿಸಿದಿರಿ?
ಎಂಬಲ್ಲಿಗೆ ಬಂದರೆ ಎಲ್ಲರದ್ದೂ ಒಂದೇ ಮಾತು:
ಹದಿನಾಲ್ಕು.
ನಂಪುಲಾದ ಈ ಕೆಮ್ಮಣ್ಣಿನ ಊರಿನಲ್ಲಿ
ನಲವತ್ತೊಂದು ಮನೆ, ನಲವತ್ತೊಂದು ಹದಿನಾಲ್ಕು.
ರೇಡಿಯೋ ಹೇಳಿದ್ದು ಅದೇ, ನರ್ಸಮ್ಮ ಹೇಳಿದ್ದೂ ಅದೇ.
ನನ್ನ ಹಾಳೆಯ ಮೇಲೆ
ಊರಿಗೆ ಊರೇ ಗಟ್ಟಿಮುಟ್ಟಾಗಿ ಓಡಾಡಿಕೊಂಡಿತ್ತು.

ಕಿಸೆಯಲ್ಲಿ ಮಾತ್ರ ಹಳದಿ ಕಾಗದದ ಪಟ್ಟಿ,
ಬೆರಳುದ್ದದ್ದು.
ಚಿಟಿಕೆ ಹಿಟ್ಟಿನ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಮಲಗಿಸಿದರೆ
ಬೆಳಗಾಗುವಷ್ಟರಲ್ಲಿ ಬಾಯಿ ಬಿಡುತ್ತದೆ.
ಹಳದಿಯಾಗೇ ಉಳಿದರೆ ಉಣ್ಣಬಹುದು,
ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ
ಆ ಮನೆಯ ಮಕ್ಕಳ ಕಾಲು ನೋಡಬೇಕು.
ನಲವತ್ತೊಂದರಲ್ಲಿ ಮೂವತ್ತು ಇಟ್ಟಿಗೆ.

ಸುಳ್ಳು ಹೇಳುತ್ತಾರೆ, ಎಂದು ಮಪುಟೊಗೆ ಬರೆದೆ, ಗುರುಗಳಿಗೆ.
ಒಂದೇ ಸಾಲು ಬಂತು:
ಮೊದಲು ನಿನ್ನ ಪ್ರಶ್ನೆಯನ್ನು ಅನುಮಾನಿಸು.
ಆ ರಾತ್ರಿ ಸೊಳ್ಳೆಪರದೆಯೊಳಗೆ ಅವರನ್ನು ಬೈದುಕೊಂಡೆ.

ನಾನೇನು ಇದಕ್ಕೆಂದೇ ಹುಟ್ಟಿದವಳಲ್ಲ.
ರಸಾಯನಶಾಸ್ತ್ರ ಓದಿ, ನಕಾಲಾ ಬಂದರಿನ ಪೇಂಟ್ ಕಂಪನಿಗೆ
ಬಣ್ಣದ ಛಾಯೆ ಅಳೆಯುವ ಕೆಲಸಕ್ಕೆ ಅರ್ಜಿ ಹಾಕಿದ್ದೆ.
ಅವರು ಕರೆಯಲಿಲ್ಲ. ವಿದ್ಯಾರ್ಥಿವೇತನ ಇದ್ದದ್ದು ಇಲ್ಲಿ.
ಈಗಲೂ ಬಣ್ಣವನ್ನೇ ಅಳೆಯುತ್ತಿದ್ದೇನೆ, ಅನ್ನಿ.

ಮುವಾಝೀಝಾಳ ಮಗ ಸೈದ್, ಒಂಬತ್ತು ವರ್ಷ.
ಹಿಂದಿನ ಸಂಜೆ ಮಾವಿನ ಮರದ ತುದಿಯಲ್ಲಿದ್ದನಂತೆ.
ಬೆಳಗ್ಗೆ ಚಾಪೆಯಿಂದ ಏಳಹೋದವನ ಕಾಲು
ಕತ್ತರಿಯ ಹಾಗೆ ಒಂದರ ಮೇಲೊಂದು ಕೂತವು.
ಮಂಟಕಾಸ್ಸಾ, ಅಂದರು ಅಕ್ಕಪಕ್ಕದವರು, ದನಿ ತಗ್ಗಿಸಿ.
ಈಗ ಕೋಲೂರಿ ನನ್ನ ಹಿಂದೆಯೇ ಬರುತ್ತಾನೆ,
ಮುಗಿದ ಪಟ್ಟಿಗಳನ್ನು ಕೇಳಿ ಇಸಿದುಕೊಂಡು
ಬಾಗಿಲ ಪಕ್ಕದ ಗೋಡೆಗೆ ಅಂಟಿಸುತ್ತಾನೆ.
ಕಂದು ಕಂದು ಕಂದು, ನಡುವೆ ಎಲ್ಲೋ ಒಂದು ಹಳದಿ.

ಮೂರನೆಯ ವಾರ ಜೀಪು ಕೆಟ್ಟಿತು.
ಸುಮ್ಮನೆ ಕೂರಲಾರದೆ ಒನಕೆಗೆ ಕೈ ಹಾಕಿದೆ.
ಹಿಡಿದಿರೋದು ನೋಡು, ಪೆನ್ನು ಹಿಡಿದ ಹಾಗೆ!
ಎಂದು ನಕ್ಕಳು ಮುವಾಝೀಝಾ.
ಒಂದು ಒರಳು, ಮೂವರ ಒನಕೆ,
ಒಂದು ಏಳುವಾಗ ಇನ್ನೊಂದು ಬೀಳಬೇಕು,
ತಪ್ಪಿದರೆ ಬೆರಳು.
ಲಯ ಕೂತಮೇಲೆ ಅವಳಾಗಿಯೇ ಬಾಯಿ ತೆರೆದಳು:

ಇದು ನಾಲ್ಕು ದಿನದ್ದು.

ಒನಕೆ ನಿಲ್ಲಿಸಲಿಲ್ಲ ನಾನು. ಮತ್ತೆ ಹದಿನಾಲ್ಕು?
ಹದಿನಾಲ್ಕು ದಿನದ್ದೂ ಇದೆ. ಬೆಳ್ಳಗೆ, ಸುಣ್ಣದ ಹಾಗೆ.
ಅದು ಗುರುವಾರದ ಲಾರಿ ಹತ್ತುತ್ತೆ.
ಒದ್ದೆಯದ್ದಕ್ಕೆ ಸಾಹುಕಾರ ಕಾಸು ಕೊಡಲ್ಲ.
ನೀನು ಒಣಗಿಸಿದ್ದನ್ನು ಕೇಳಿದೆ, ಮಗಳೇ.
ತಿಂದದ್ದನ್ನು ಯಾವಾಗ ಕೇಳಿದೆ?

ಸ್ವಲ್ಪ ಹೊತ್ತು ಕುಟ್ಟುವ ಸದ್ದೊಂದೇ.

ಸೋತವಳ ಹಟದಲ್ಲಿ ಇನ್ನೊಂದು ಕೇಳಿದೆ:
ಸಿಹಿ ಗೆಣಸನ್ನೇ ನೆಟ್ಟರಾಗದೇ?
ಸಿಹಿಯನ್ನು ಕಾಡುಹಂದಿ ತಿನ್ನುತ್ತೆ, ಮಿಕ್ಕಿದ್ದನ್ನು ಕಳ್ಳ ಒಯ್ಯುತ್ತಾನೆ.
ಕಹಿಗೆ ಬೇಲಿ ಬೇಡ.
ಅಂದವಳು ಅಂಗಳದಲ್ಲಿ ಕೋಲೂರಿ ನಿಂತ ಮಗನ ಕಡೆ
ನೋಡದೇ ಇರಲು ಮೊರ ಎತ್ತಿಕೊಂಡು
ಖಾಲಿ ಮೊರವನ್ನೇ ಕೇರತೊಡಗಿದಳು.

ರಾತ್ರಿ ಲಾಟೀನಿನಡಿ ಹದಿನೇಳನ್ನು ಹೊಡೆದುಹಾಕಿದೆ.
ಮಾಖುವಾದಲ್ಲಿ, ನನ್ನ ಅಜ್ಜಿ ಕೇಳುತ್ತಿದ್ದ ಹಾಗೆ, ಬರೆದೆ:
ಮಾರಿದ ಮೇಲೆ ಉಳಿದದ್ದೇನು?
ನಲವತ್ತೊಂದು ಸಲ ಕೈಬರಹ. ಶಾಯಿ ಮುಗಿದು
ಕೊನೆಯ ಏಳು ಸೈದ್‌ನ ಪೆನ್ಸಿಲಿನಲ್ಲಿ.

ಬೆಳಗ್ಗೆ ಮೊದಲ ಮನೆ ಅತೀಜಾಳದ್ದು.
ಈ ಹಿಂದೆ ಹದಿನಾಲ್ಕು ಎಂದವಳು,
ನಾನು ಕೂರುವುದಕ್ಕೂ ಮೊದಲೇ.
ಕೇಳಿದೆ.
ಹೊಸ ಹಾಳೆ ನೋಡಿದಳು, ನನ್ನ ಅಂಗೈಯ ಬೊಬ್ಬೆ ನೋಡಿದಳು.
ಏನೂ ಹೇಳದೆ ಒಳಗೆ ಹೋಗಿ
ನಿನ್ನೆಯ ಕರಕಾಟಾ ಇದ್ದ ಮಡಕೆಯನ್ನು ತಂದು
ನನ್ನ ಮುಂದಿಟ್ಟು
ಮುಚ್ಚಳ ತೆಗೆದಳು.